ತಡಸ ದಾಟುವುದರೊಳಗೆ

ಎದೆಯಿಂದ ಬೆನ್ನಿಗೆ ಸೀಳಿಕೊಂಡು ಹೋಗುವ ನೋವು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡು ತಾಲ್ಲೂಕಿನ ಅತ್ತಿವೇರಿಯ ಕೂಲಿಯವನಿಗೆ ಅದು ಬಂದರೆ ಮೊದಲು ಕೇಳಿಸುವ ಮಾತು, "ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ." ಆದರೆ ಒಳಗೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಒಳಪದರ ಹರಿದಿರುತ್ತದೆ. ಬಡಿತಕ್ಕೊಮ್ಮೆ ರಕ್ತ ಪದರಗಳ ನಡುವೆ ನುಗ್ಗಿ ಬಿರುಕನ್ನು ಉದ್ದ ಮಾಡುತ್ತದೆ. ಹೃದಯದ ಬುಡದಲ್ಲೇ ಹರಿದರೆ, ಚಿಕಿತ್ಸೆಯಿಲ್ಲದ ನೂರು ಜನರಲ್ಲಿ ಗಂಟೆಗೆ ಒಬ್ಬಿಬ್ಬರು ಸಾಯುತ್ತಾರೆಂಬುದು ಮೊದಲ ಎರಡು ದಿನಗಳಿಗೆ ವೈದ್ಯರು ಹೇಳುತ್ತ ಬಂದ ಲೆಕ್ಕ.

ಮಾತ್ರೆಯಿಂದ ಇದು ಕೂಡಿಕೊಳ್ಳುವುದಿಲ್ಲ. ಎದೆಗೂಡು ತೆರೆದು, ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಮೈಯನ್ನು ತಣ್ಣಗೆ ಮಾಡಿ, ಹರಿದ ಭಾಗ ಕತ್ತರಿಸಿ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯಬೇಕು. ಈ ಶಸ್ತ್ರಚಿಕಿತ್ಸೆಗೆ 1950ರ ದಶಕದಲ್ಲಿ ದಾರಿ ಮಾಡಿದ ಅಮೆರಿಕದ ಮೈಕೆಲ್ ಡಿಬೇಕಿ ಅವರಿಗೆ 2005ರ ಡಿಸೆಂಬರ್ 31ರಂದು ಅದೇ ನಾಳ ಹರಿಯಿತು. ವಯಸ್ಸು 97. ಆಪರೇಷನ್ ಆಗಿ 2008ರವರೆಗೆ ಬದುಕಿದರು. ಬದುಕಲಿ, ಅದು ಅವರ ಹಕ್ಕು. ಅದೇ ಹಕ್ಕು ನಲವತ್ತರ ಗೌಳಿಗನಿಗೆ ಯಾಕಿಲ್ಲ?

ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿ ಅತ್ತಿವೇರಿಯಿಂದ ನಲವತ್ತು ಕಿಲೋಮೀಟರಿನ ಆಚೀಚೆ. ದಾರಿಯಲ್ಲಿ ಸಿಗುವ ತಡಸ ಊರು ದಾಟುವುದರೊಳಗೆ ಜೀವ ಹೋದರೆ ಅದನ್ನು ಹಣೆಬರಹ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆಳುವವರೇ, ಇದೇ ಜಿಲ್ಲೆಯ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಿರಿ, ಕೈಗಾದಲ್ಲಿ ಅಣುಸ್ಥಾವರ ಎಬ್ಬಿಸಿದಿರಿ, ಸೀಬರ್ಡ್ ನೌಕಾನೆಲೆಗಾಗಿ ಕಡಲತೀರದ ಮನೆಗಳನ್ನು ಖಾಲಿ ಮಾಡಿಸಿದಿರಿ. ನಮ್ಮ ನೆಲ ಬೇಕಾದಾಗ ಯಾವ ದಾರಿಯೂ ನಿಮಗೆ ದೂರವಾಗಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಜಿಲ್ಲೆಯಾಚೆಯ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಆಗಲೇ ಜಿಲ್ಲೆಯ ಜನ ಆಸ್ಪತ್ರೆಯಿಲ್ಲದಿದ್ದರೆ ಓಟಿಲ್ಲ ಎಂದರು. ಭರವಸೆಗಳು ಬಂದವು.

ಇನ್ನೊಂದು ಅಪಾಯವಿದೆ. ಮಹಾಪಧಮನಿ ಹರಿದ ನೋವನ್ನು ಹೃದಯಾಘಾತವೆಂದು ಬಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಚುಚ್ಚಿದರೆ ಉಳಿಯಬಹುದಾದ ಜೀವವೂ ಹೋದೀತು. ಬಲಗೈಗೆ ಕಟ್ಟಿದ ಬಿ.ಪಿ. ಪಟ್ಟಿಯನ್ನು ಬಿಚ್ಚಿ ವೈದ್ಯರು ಎಡಗೈಗೂ ಕಟ್ಟಿ ನೋಡಲಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ಅನುಮಾನ ಪಡಬೇಕು, ಬರದಿದ್ದರೂ ರೋಗ ಇಲ್ಲವೆನ್ನುವಂತಿಲ್ಲ. ಸಿ.ಟಿ. ಸ್ಕ್ಯಾನ್ ಬೇಕೇ ಬೇಕು.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟ. ಮುಂಡಗೋಡಿನಲ್ಲಿ ರಾತ್ರಿಯೂ ನಡೆಯುವ ಸಿ.ಟಿ., ಓದಿ ಹೇಳುವ ವೈದ್ಯ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಹೊರಟಾಗಲೇ ಸಜ್ಜಾಗುವ ಹೃದಯ ಶಸ್ತ್ರಚಿಕಿತ್ಸಾ ತಂಡ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಹಣ ಇಡಿ. ಇಡದಿದ್ದರೆ ಓಟು ಕೇಳಲು ಅತ್ತಿವೇರಿಗೆ ಬರಬೇಡಿ.