ಶಾಸನ: ಪಾಠವೋ, ವಸ್ತುವೋ?

ಕನ್ನಡ ವಿಭಾಗಗಳಲ್ಲಿ ಶಾಸನವೆಂದರೆ ಬಹುಮಟ್ಟಿಗೆ ಅಚ್ಚಾದ ಪಾಠ. ಬೆಂಗಳೂರಿನ ಮಟ್ಟಿಗಂತೂ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಿದ್ದರೆ ಸಾಕೆಂಬ ಭಾವನೆ ಇಂದಿಗೂ ಬಲವಾಗಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಈ ಭಾವನೆಯನ್ನು ಅಲುಗಿಸಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನ ಆ ಸಂಪುಟದಲ್ಲಿಲ್ಲ. ಬೆಂಗಳೂರಿನಲ್ಲಿ ಈವರೆಗೆ ತಿಳಿದಿರುವ ಅತಿ ಹಳೆಯ ಕನ್ನಡ ಶಾಸನವೆಂದು ಇದನ್ನು ಗುರುತಿಸಲಾಗಿದೆ.

2021ರಲ್ಲಿ ಮಿಥಿಕ್ ಸೊಸೈಟಿ ಆರಂಭಿಸಿದ ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆಯಿಂದಾಗಿ ಸವೆದ ಅಕ್ಷರಗಳನ್ನೂ ಪರದೆಯ ಮೇಲೆ ಬೆಳಕಿನ ಕೋನ ಬದಲಿಸಿ ಓದಬಹುದು. ಅಚ್ಚಾದ ಪಾಠವನ್ನು ಪ್ರಶ್ನಿಸಬಹುದು. ಆದರೆ ಓದುವವರಾರು? ಹಳಗನ್ನಡ ವ್ಯಾಕರಣ ಬಲ್ಲವರಿಗೆ ಲಿಪಿ ತಿಳಿಯದು, ಲಿಪಿ ಗುರುತಿಸಬಲ್ಲವರಿಗೆ ಹಳಗನ್ನಡದ ಅಭ್ಯಾಸವಿಲ್ಲ ಎಂಬ ಸ್ಥಿತಿ ಅಪರೂಪವೇನಲ್ಲ.

ವಸ್ತುಸಂಗ್ರಹಾಲಯವೊಂದೇ ಪರಿಹಾರವೂ ಅಲ್ಲ. ಬೇಗೂರಿನ ಪ್ರಸಿದ್ಧ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯ ಸೇರಿ ಉಳಿಯಿತು, ನಿಜ. ಊರಿನಿಂದ ಅಗಲಿದ್ದೂ ಅಷ್ಟೇ ನಿಜ. ಮೆಟ್ರೊ ಬಂದ ನಾಗಸಂದ್ರದಲ್ಲಿ ‘ಸಂದ್ರ’, ಅಂದರೆ ‘ಸಮುದ್ರ’, ಎಂಬ ಪದವಾದರೂ ಕೆರೆಯ ನೆನಪನ್ನು ಹೊತ್ತಿದೆ. ಕಲ್ಲಿನ ನೆಲೆಯೂ ಇಂಥದೇ ಸಾಕ್ಷ್ಯ. ಸ್ನಾತಕೋತ್ತರ ತರಗತಿಯ ಶಾಸನ ಪತ್ರಿಕೆಗೆ ಲಿಪಿ ಓದು ಮತ್ತು ಕನಿಷ್ಠ ಒಂದು ಊರಿನ ಕ್ಷೇತ್ರಕಾರ್ಯ ಕಡ್ಡಾಯವಾಗಬೇಕು. ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿಯೇ ಇದನ್ನು ಸೇರಿಸಲು ಅಡ್ಡಿಯೇನೂ ಕಾಣದು.