‘ಇನ್ನೂ ಹತ್ತಿರದ ಫೋಟೊ ಕಳಿಸಿ’ ಎನ್ನುವವರಿಗೆ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ, ಬೂದಿಕೋಟೆ ಕಡೆ ಆನೆ ಬಂತು ಅಂದರೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಡೆಸ್ಕಿನಿಂದ ಬರುವ ಮೊದಲ ಮಾತು: ‘ಕ್ಲೋಸಪ್ ಇದೆಯಾ?’ ದೂರದಿಂದ ತೆಗೆದದ್ದು ಕಳಿಸಿದರೆ ಎರಡನೆಯ ಮಾತು: ‘ಇನ್ನೂ ಹತ್ತಿರದ್ದು ಕಳಿಸಿ.’ ಹತ್ತಿರದ ಫೋಟೊಗೆ ಬೇಕಾದ ಲೆನ್ಸು ಕೊಡಿಸುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಎಣಿಸಿ ಕೊಡುವ ದುಡ್ಡಿನಲ್ಲಿ ಬದುಕುವವರು ನಾವು. ಕ್ಯಾಮೆರಾ ನಮ್ಮದು, ಪೆಟ್ರೋಲ್ ನಮ್ಮದು, ಓಡಬೇಕಾದ ಕಾಲೂ ನಮ್ಮದೇ.

ಈ ವಿಷಯದಲ್ಲಿ ಬುದ್ಧಿ ಹೇಳುವವರು ಎರಡು ಥರ. ‘ಫೋನ್ ಇದೆಯಲ್ಲ, ಸಾಕು ಬಿಡಿ’ ಎನ್ನುವವರು ಒಂದು ಕಡೆ. ‘ಆ ಅಗ್ಗದ ಜೂಮ್ ಲೆನ್ಸು ಬರೀ ಪ್ಲಾಸ್ಟಿಕ್ಕು, ದುಡ್ಡು ಕೂಡಿಟ್ಟು 70-200 ಎಫ್ 2.8 ತಗೊಳ್ಳಿ’ ಎನ್ನುವ ಯೂಟ್ಯೂಬ್ ಪಂಡಿತರು ಇನ್ನೊಂದು ಕಡೆ. ಇಬ್ಬರೂ ಕಾಮಸಮುದ್ರದ ಹೊಲದ ಬದುವಿನ ಮೇಲೆ ನಿಂತು ಮಾತಾಡುತ್ತಿಲ್ಲ. ನಾನು ಹೇಳುವುದು ಇಷ್ಟೇ: ನಮ್ಮ ಕೆಲಸಕ್ಕೆ ಅಗ್ಗದ ಟೆಲಿ ಜೂಮ್ ಬೇಕೇ ಬೇಕು. ಅದರ ಕುಂದುಗಳೂ ಗೊತ್ತಿರಬೇಕು. ಅದರ ಖರ್ಚು ನಮ್ಮೊಬ್ಬರ ತಲೆ ಮೇಲೆ ಬೀಳಬಾರದು.

ಮೊದಲು ಲೆಕ್ಕ ನೋಡಿ. ಸಾಮಾನ್ಯ ಡಿಎಸ್‌ಎಲ್‌ಆರ್‌ಗೆ 300 ಮಿ.ಮೀ. ಲೆನ್ಸು ಹಾಕಿ 100 ಮೀಟರ್ ದೂರದಿಂದ ನೋಡಿದರೆ ಸುಮಾರು ಏಳೂವರೆ ಮೀಟರ್ ಅಗಲ, ಐದು ಮೀಟರ್ ಎತ್ತರದ ಜಾಗ ಫೋಟೊದಲ್ಲಿ ತುಂಬುತ್ತದೆ. ಎರಡೂವರೆ ಮೀಟರ್ ಎತ್ತರದ ಆನೆ ಅದರಲ್ಲಿ ಅರ್ಧದಷ್ಟು ಎತ್ತರಕ್ಕೆ ಬರುತ್ತದೆ. ಪತ್ರಿಕೆಗೆ ಅಷ್ಟು ಧಾರಾಳ. ಅದೇ ಗಾತ್ರ ಕ್ಯಾಮೆರಾ ಜೊತೆ ಬರುವ 18-55 ಲೆನ್ಸಿನಲ್ಲಿ ಬೇಕಾದರೆ 18 ಮೀಟರ್ ಹತ್ತಿರ ಹೋಗಬೇಕು. ಫೋನಿನ ಮಾಮೂಲಿ ಕ್ಯಾಮೆರಾದಲ್ಲಾದರೆ ಆರೇ ಮೀಟರ್. ಕಡಿಮೆ ಬೆಲೆಯ ಫೋನಿನಲ್ಲಿ ‘10 ಎಕ್ಸ್ ಜೂಮ್’ ಅನ್ನುವುದು ಬಹುಪಾಲು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ.

ಆನೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ನುಗ್ಗಬಲ್ಲದು. 18 ಮೀಟರ್ ಬರಲು ಅದಕ್ಕೆ ಮೂರು ಸೆಕೆಂಡೂ ಬೇಡ. 100 ಮೀಟರ್‌ಗೆ ಹದಿನಾಲ್ಕು ಸೆಕೆಂಡ್ ಬೇಕು. ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಆಗುತ್ತದೆ. ತಮಿಳುನಾಡಿನ ಕಾಡಿನಿಂದ, ಆಂಧ್ರದ ಕೌಂಡಿನ್ಯ ವನ್ಯಧಾಮದ ಕಡೆಯಿಂದ ಗಡಿ ದಾಟಿ ಬರುವ ಆನೆಗಳಿಂದ ನಮ್ಮ ಗಡಿ ಹಳ್ಳಿಗಳಲ್ಲಿ ಬೆಳೆ ಹೋಗಿದೆ, ಜೀವಗಳೂ ಹೋಗಿವೆ. ಇಲ್ಲಿ ಟೆಲಿ ಲೆನ್ಸನ್ನು ಶೋಕಿ ಎನ್ನುವವರು ಆ ಹದಿನಾಲ್ಕು ಸೆಕೆಂಡಿಗೆ ಬೆಲೆ ಕಟ್ಟಲಿ.

ಅಗ್ಗದ ಲೆನ್ಸಿನ ಇನ್ನೊಂದು ಗುಣ ಹಗುರ. ಕ್ಯಾನನ್ 55-250 ಎಸ್‌ಟಿಎಂ ತೂಕ 375 ಗ್ರಾಂ. ದೊಡ್ಡವರ ಎಫ್ 2.8 ಲೆನ್ಸು ಸುಮಾರು ಒಂದೂವರೆ ಕೆ.ಜಿ., ಬೆಲೆ ಲಕ್ಷ ದಾಟುತ್ತದೆ. ಬೈಕಿನಲ್ಲಿ ಬಂಗಾರಪೇಟೆಯಿಂದ ಕೆಜಿಎಫ್‌ಗೆ, ಅಲ್ಲಿಂದ ಗಡಿಗೆ ಸುತ್ತುವವರಿಗೆ ಈ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. ಟ್ಯಾಮ್ರಾನಿನ ಹಳೆಯ 70-300 ಮ್ಯಾಕ್ರೋ ಇದ್ದರೆ ಒಂದು ಮೀಟರ್ ದೂರದಿಂದಲೇ ಟೊಮೆಟೊ ಎಲೆಯ ಚುಕ್ಕೆ ರೋಗವನ್ನೂ ದೊಡ್ಡದಾಗಿ ತೋರಿಸಬಹುದು.

ಈಗ ಕುಂದುಗಳು. ಅಂಗಡಿಯವರು ಇವನ್ನು ಹೇಳುವುದಿಲ್ಲ.

ಮೊದಲನೆಯದು ಬೆಳಕು. ಈ ಲೆನ್ಸುಗಳು ಪೂರ್ತಿ ಜೂಮ್ ಮಾಡಿದಾಗ ಎಫ್ 5.6 ಅಥವಾ 6.3ಕ್ಕೆ ಇಳಿಯುತ್ತವೆ. ಎಫ್ 2.8ಕ್ಕೆ ಹೋಲಿಸಿದರೆ ಒಳಗೆ ಬರುವ ಬೆಳಕು ನಾಲ್ಕರಲ್ಲಿ ಒಂದು ಪಾಲು, ಇಲ್ಲವೇ ಐದರಲ್ಲಿ ಒಂದು ಪಾಲು. ಆನೆಗಳು ರಾಗಿ ಹೊಲಕ್ಕೆ ಇಳಿಯುವುದು ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ. ಆ ಹೊತ್ತಿಗೆ ಫೋಕಸ್ ಸಿಗದೆ ಲೆನ್ಸು ಹಿಂದೆ ಮುಂದೆ ಗಿರಕಿ ಹೊಡೆಯುತ್ತದೆ. ಸಿಕ್ಕರೂ ಚಿತ್ರ ಕಾಳುಕಾಳಾಗಿ ಬರುತ್ತದೆ. ಹಾಗಂತ ಹತ್ತಿರ ಹೋಗುವುದು ಪರಿಹಾರವಲ್ಲ. ಬೆಳಿಗ್ಗೆ ತುಳಿದ ಹೊಲ, ಮುರಿದ ಬಾಳೆ, ಹೆಜ್ಜೆ ಗುರುತು, ರೈತನ ಮುಖ ತೆಗೆಯಿರಿ. ಸುದ್ದಿ ಅದೇ.

ಎರಡನೆಯದು ನಡುಕ. 300 ಮಿ.ಮೀ.ನಲ್ಲಿ ಕೈಯ ಸಣ್ಣ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗದ ಆಸುಪಾಸು ಇರಬೇಕು. ನಡುಕ ತಡೆಯುವ ವ್ಯವಸ್ಥೆ ಇರುವ ಲೆನ್ಸಿಗೆ ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್ ಅಂತ ಬರೆದಿರುತ್ತದೆ. ಕ್ಯಾನನ್ 75-300ರಲ್ಲಿ ಇದು ಇಲ್ಲ. ನಿಕಾನ್ ಎಎಫ್-ಪಿ 70-300 ವಿಆರ್ ಇರುವುದೂ ಬಂದಿದೆ, ಇಲ್ಲದ್ದೂ ಬಂದಿದೆ. ಹೊರಗೆ ಎರಡೂ ಒಂದೇ ಥರ, ಹೆಸರು ಪೂರ್ತಿ ಓದಿ. ಇನ್ನೊಂದು ಎಚ್ಚರ: ಈ ಎಎಫ್-ಪಿ ಲೆನ್ಸು ಡಿ3100, ಡಿ5100, ಡಿ7000ದಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನಿಮ್ಮ ಕ್ಯಾಮೆರಾಕ್ಕೇ ಹಾಕಿ ನೋಡಿ. ಗಾಜನ್ನು ಬೆಳಕಿಗೆ ಹಿಡಿದು ಒಳಗೆ ಫಂಗಸ್ ಇದೆಯಾ ನೋಡಿ. 300ರವರೆಗೆ ಎಳೆಯದೆ 250ರಲ್ಲಿ ನಿಲ್ಲಿಸಿ, ಬೆಳಕಿದ್ದರೆ ಎಫ್ 8 ಇಟ್ಟುಕೊಂಡರೆ ಚಿತ್ರ ಹೆಚ್ಚು ಚೊಕ್ಕವಾಗಿ ಬರುತ್ತದೆ.

ಮೂರನೆಯದು ಧೂಳು. ಜೂಮ್ ಮಾಡಿದಾಗ ಈ ಲೆನ್ಸಿನ ಮೂತಿ ಮುಂದೆ ಬರುತ್ತದೆ, ಬರುವಾಗ ಗಾಳಿ ಎಳೆದುಕೊಳ್ಳುತ್ತದೆ. ಧೂಳು ತಡೆಯುವ ರಬ್ಬರ್ ಸೀಲ್ ಇರುವುದಿಲ್ಲ. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ 13 ದಿಬ್ಬಗಳಿವೆ, ಸುಮಾರು 3.3 ಕೋಟಿ ಟನ್. ನಾವು ಸೈನೈಡ್ ದಿಬ್ಬ ಅನ್ನುವುದು ಇವನ್ನೇ. ಗಾಳಿ ಬೀಸುವ ದಿನ ಅದರ ಪುಡಿ ಮನೆಯೊಳಗೇ ನುಗ್ಗುತ್ತದೆ, ಲೆನ್ಸಿಗೆ ನುಗ್ಗದೆ ಇರುತ್ತದಾ? ಅಲ್ಲಿ ಲೆನ್ಸು ಬದಲಾಯಿಸಬೇಡಿ, ಪ್ಲಾಸ್ಟಿಕ್ ಕವರ್ ಸುತ್ತಿ, ಮುಂದೆ ಒಂದು ಫಿಲ್ಟರ್ ಹಾಕಿ.

ನಾಲ್ಕನೆಯದು ಬೆಲೆಗೆ ಸಂಬಂಧಿಸಿದ್ದಲ್ಲ. ಲಕ್ಷದ ಟೆಲಿಯಲ್ಲೂ ಇದೆ, ಯಾರೂ ಮಾತಾಡುವುದಿಲ್ಲ. ದೂರ ನಿಂತು ಟೆಲಿಯಲ್ಲಿ ತೆಗೆದಾಗ ಹಿಂದಿನದೂ ಮುಂದಿನದೂ ಅಂಟಿಕೊಂಡಂತೆ ಕಾಣುತ್ತವೆ. ಮನೆಯಿಂದ ದೂರದಲ್ಲಿರುವ ದಿಬ್ಬ ಚಾವಣಿಯ ಮೇಲೇ ಬೀಳುವಂತೆ ಕಾಣುತ್ತದೆ. 2001ರ ಫೆಬ್ರುವರಿ 28ಕ್ಕೆ ಬಿಜಿಎಂಎಲ್ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಪ್ಲಾಟ್‌ಫಾರಂ ತುದಿಯಲ್ಲಿ ನಿಂತು 300ರಲ್ಲಿ ತೆಗೆದರೆ ಇನ್ನೂರು ಜನ ಸಾವಿರದಂತೆ ಕಾಣುತ್ತಾರೆ. ಈ ಜನರ ಕಷ್ಟವಾಗಲಿ, ದಿಬ್ಬದ ಧೂಳಾಗಲಿ ಇದ್ದಷ್ಟು ತೋರಿಸಿದರೇ ಸಾಕಷ್ಟು ದೊಡ್ಡದು. ಉಬ್ಬಿಸಿ ತೋರಿಸಿದರೆ ನಾಳೆ ಅಧಿಕಾರಿ ಅದೇ ಫೋಟೊ ಹಿಡಿದು ‘ಇದು ಸುಳ್ಳು’ ಅನ್ನುತ್ತಾನೆ, ನಿಜವಾದ ದೂರೂ ಅದರ ಜೊತೆ ಹೋಗುತ್ತದೆ. ಆದ್ದರಿಂದ ಒಂದು ಟೆಲಿ ಫೋಟೊ ತೆಗೆದರೆ ಪಕ್ಕದಿಂದ ಒಂದು ಅಗಲದ ಫೋಟೊವನ್ನೂ ತೆಗೆಯಬೇಕು. ಎರಡನ್ನೂ ಕಳಿಸಬೇಕು. ಡೆಸ್ಕು ಎರಡನ್ನೂ ನೋಡಬೇಕು.

‘ಅಗ್ಗದ್ದು ತಗೊಂಡು ಆಮೇಲೆ ಒದ್ದಾಡುವ ಬದಲು ಒಳ್ಳೆಯದನ್ನೇ ತಗೊಳ್ಳಿ’ ಅನ್ನುವ ವಾದ ಕೇಳಲು ಚೆನ್ನಾಗಿದೆ. ಆದರೆ ಒಳ್ಳೆಯದಕ್ಕೆ ದುಡ್ಡು ಕೂಡುವ ತನಕ ಆ ಸ್ಟ್ರಿಂಗರ್ ಯಾವ ಲೆನ್ಸು ಹಿಡಿದು ಆನೆ ಮುಂದೆ ನಿಲ್ಲಬೇಕು? ಸಾಲ ಮಾಡಿ ಲಕ್ಷದ ಲೆನ್ಸು ತಂದರೆ ಆ ಸಾಲ ತೀರುವುದು ಮದುವೆ ಫೋಟೊಗಳಿಂದ. ಆಗ ಸುದ್ದಿ ಬಿಡುವಿನ ವೇಳೆಯ ಕೆಲಸವಾಗುತ್ತದೆ.

ಪತ್ರಿಕೆ, ಚಾನೆಲ್‌ಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಸ್ಟ್ರಿಂಗರ್‌ಗೂ ಲೆನ್ಸು ಕೊಡಲಾಗದಿದ್ದರೆ ಜಿಲ್ಲೆಗೊಂದು ಕೊಡಿ, ಸರದಿಯಂತೆ ಬಳಸುತ್ತೇವೆ. ಅದೂ ಆಗದಿದ್ದರೆ ಫೋಟೊ ದುಡ್ಡಿನ ಜೊತೆ ಸಲಕರಣೆ ಸವೆತಕ್ಕೆ ಸ್ವಲ್ಪ ಸೇರಿಸಿ. ಅರಣ್ಯ ಸಿಬ್ಬಂದಿ ನಿಲ್ಲಿಸಿದ ಗಡಿಯ ಒಳಗಿನ ಫೋಟೊ ಹಾಕುವುದಿಲ್ಲ ಅಂತ ಒಂದು ನಿಯಮ ಮಾಡಿ. ಫೋಟೊ ಕೆಳಗೆ ‘ಇಷ್ಟು ಮೀಟರ್ ದೂರದಿಂದ’ ಅಂತ ಒಂದು ಸಾಲು ಸೇರಿಸಿ. ಇಷ್ಟು ಮಾಡದವರು ‘ಇನ್ನೂ ಹತ್ತಿರದ್ದು’ ಅಂತ ಫೋನ್ ಮಾಡುವ ಹಕ್ಕು ಕಳೆದುಕೊಳ್ಳುತ್ತಾರೆ.

ಫೋನಿನಲ್ಲಿ ಇದನ್ನು ಓದುತ್ತಿರುವ ನಿಮಗೂ ಒಂದು ಮಾತು. ಊರಿಗೆ ಆನೆ ಬಂದಾಗ ನಿಮ್ಮ ತಮ್ಮನೋ ಮಗನೋ ಫೋನ್ ಹಿಡಿದು ಹೊಲಕ್ಕೆ ಓಡಿದರೆ ತಡೆಯಿರಿ. ಮಸುಕಾದ, ದೂರದ ಫೋಟೊ ಗ್ರೂಪಿಗೆ ಬಂದರೆ ನಗಬೇಡಿ. ತೆಗೆದವನು ಸುರಕ್ಷಿತವಾಗಿ ಮನೆಗೆ ಬಂದಿದ್ದಾನಾ ಅಂತ ಕೇಳಿ.