ರೆಡಿಮೇಡ್ ಪ್ರಾಜೆಕ್ಟ್ ಬೇಡ, ಒಂದು ಮೀನಿನ ತೊಟ್ಟಿ ಸಾಕು

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷ ಹತ್ತಿರವಾದಂತೆ ಒಂದು ಪ್ರಶ್ನೆ ಮೆಲ್ಲಗೆ ಓಡಾಡತೊಡಗುತ್ತದೆ: ‘ಪ್ರಾಜೆಕ್ಟ್ ಎಲ್ಲಿ ತಗೊಂಡ್ರಿ?’ ಏನು ಮಾಡಿದಿರಿ ಎಂದಲ್ಲ, ಎಲ್ಲಿ ತಗೊಂಡಿರಿ ಎಂದು. ದುಡ್ಡು ಕೊಟ್ಟರೆ ಮಾಡೆಲ್, ರಿಪೋರ್ಟ್, ಪಿಪಿಟಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲವನ್ನೂ ಒಟ್ಟಿಗೇ ಕಟ್ಟಿಕೊಡುವ ಅಂಗಡಿಗಳಿವೆ. ನಾಲ್ಕು ಜನ ಹಣ ಹಾಕಿದರೆ ಕೆಲಸ ಮುಗಿಯಿತು. ಅಂಕಗಳೂ ಬರುತ್ತವೆ. ಆದರೆ ಕೆಲಸದ ಸಂದರ್ಶನದಲ್ಲಿ ‘ಈ ಪಂಪನ್ನೇ ಯಾಕೆ ಆರಿಸಿದಿರಿ?’ ಎಂದು ಯಾರಾದರೂ ಕೇಳಿದರೆ ಹೇಳಲು ಮಾತಿರುವುದಿಲ್ಲ.

ಇದಕ್ಕೆ ನನ್ನದೊಂದು ಪರ್ಯಾಯವಿದೆ. ನೀರಿನ ಗಿಡಗಳನ್ನು ಬೆಳೆಸುವ ಒಂದು ಅಕ್ವೇರಿಯಂಗೆ ಕ್ಯಾನಿಸ್ಟರ್ ಫಿಲ್ಟರ್ ಮತ್ತು ಪೈಪ್ ಜೋಡಿಸಿ, ಅದನ್ನು ಮೂರು ತಿಂಗಳು ನಿಲ್ಲದಂತೆ ನಡೆಸಿದ ವಿದ್ಯಾರ್ಥಿಗಳು ಕೊಂಡು ತಂದ ಪ್ರಾಜೆಕ್ಟಿಗಿಂತ ಹೆಚ್ಚು ಕಲಿತಿರುತ್ತಾರೆ. ಇಂಥ ಕೆಲಸವನ್ನು ಕಾಲೇಜುಗಳು ಮಿನಿ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಬೇಕು. ನಗುವ ಮೊದಲು ಆ ಡಬ್ಬಿಯೊಳಗೆ ಏನಿದೆ ನೋಡಿ.

ಕ್ಯಾನಿಸ್ಟರ್ ಎಂದರೆ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುವ ಮುಚ್ಚಿದ ಡಬ್ಬಿ. ಒಂದು ಪೈಪಿನಲ್ಲಿ ನೀರು ಕೆಳಗಿಳಿದು, ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳ ಮೂಲಕ ಹಾಯ್ದು, ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ಬರುತ್ತದೆ. ಇಲ್ಲೇ ಮೊದಲ ಪ್ರಶ್ನೆ: ಪಂಪ್ ಎಷ್ಟು ಎತ್ತರಕ್ಕೆ ನೀರೆತ್ತಬೇಕು? ಡಬ್ಬಿಯಿಂದ ತೊಟ್ಟಿಯ ಮೇಲ್ಭಾಗಕ್ಕೆ ನಾಲ್ಕು ಅಡಿ ಇದ್ದರೆ ‘ನಾಲ್ಕು ಅಡಿ’ ಎನ್ನುವವರೇ ಹೆಚ್ಚು. ಅದು ತಪ್ಪು. ಎರಡೂ ಪೈಪುಗಳ ಬಾಯಿ ಒಂದೇ ತೊಟ್ಟಿಯ ನೀರಿನಲ್ಲಿ ಮುಳುಗಿವೆ. ಗಾಳಿಯೆಲ್ಲ ಹೊರಹೋಗಿ ಪೈಪ್ ತುಂಬಿದ ಮೇಲೆ ಇಳಿಯುವ ನೀರಿನ ಭಾರ ಏರುವ ನೀರಿನ ಭಾರಕ್ಕೆ ಸರಿಸಮ. ಪಂಪ್ ಹೋರಾಡಬೇಕಾದದ್ದು ಎತ್ತರದ ಜತೆ ಅಲ್ಲ, ಘರ್ಷಣೆಯ ಜತೆ ಮಾತ್ರ. ಹೊರಬರುವ ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟರೆ, ಅಷ್ಟು ಎತ್ತರ ಮಾತ್ರ ಲೆಕ್ಕಕ್ಕೆ ಸೇರುತ್ತದೆ.

ಇದು ಬರೀ ಮೀನಿನ ವಿಚಾರವಲ್ಲ. ದೊಡ್ಡ ಕಟ್ಟಡಗಳ ಹವಾನಿಯಂತ್ರಣದಲ್ಲಿ ತಣ್ಣೀರು ಸುತ್ತುವ ಪೈಪ್ ಜಾಲವೂ ಹೀಗೆಯೇ ಮುಚ್ಚಿದ ವರ್ತುಲ. ಕಟ್ಟಡ ಹತ್ತು ಮಹಡಿ ಇದ್ದರೂ ಆ ಪಂಪಿಗೆ ಹತ್ತು ಮಹಡಿಯ ಹೆಡ್ ಬೇಕಿಲ್ಲ. ಮೀನಿನ ತೊಟ್ಟಿಯ ಕೆಳಗೆ ಕುಳಿತು ಇದನ್ನು ಅರ್ಥ ಮಾಡಿಕೊಂಡವರಿಗೆ ಸಂದರ್ಶನದಲ್ಲಿ ಈ ಪ್ರಶ್ನೆ ಬಂದರೆ ಬಾಯಿಪಾಠದ ಹಂಗಿರುವುದಿಲ್ಲ.

ಎರಡನೆಯದು ಪೈಪಿನ ಗಾತ್ರ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ತೊಟ್ಟಿಯಲ್ಲಿ ಸುಮಾರು 65 ಲೀಟರ್ ನೀರು ಹಿಡಿಯುತ್ತದೆ. ಗಿಡಗಳಿರುವ ತೊಟ್ಟಿಯ ನೀರು ಗಂಟೆಗೆ ಐದರಿಂದ ಹತ್ತು ಸಲ ಫಿಲ್ಟರ್ ಹಾಯಬೇಕು ಎಂಬುದು ಹವ್ಯಾಸಿಗಳ ರೂಢಿಯ ಲೆಕ್ಕ. ಹಾಗಾಗಿ ಗಂಟೆಗೆ 400 ಲೀಟರ್ ಎಂದಿಟ್ಟುಕೊಳ್ಳೋಣ. ಹೋಗುವ, ಬರುವ ಪೈಪ್ ಸೇರಿ 3 ಮೀಟರ್. ಒಳವ್ಯಾಸ 12 ಮಿ.ಮೀ. ಇದ್ದರೆ ಡಾರ್ಸಿ-ವೈಸ್‌ಬ್ಯಾಕ್ ಸಮೀಕರಣದ ಪ್ರಕಾರ ಘರ್ಷಣೆಗೇ ಸುಮಾರು 35 ಸೆಂ.ಮೀ. ಹೆಡ್ ಖರ್ಚಾಗುತ್ತದೆ. ಅದೇ ಪೈಪ್ 16 ಮಿ.ಮೀ. ಆದರೆ ಸುಮಾರು 9 ಸೆಂ.ಮೀ. ಸಾಕು. ವ್ಯಾಸದಲ್ಲಿ ಹೆಚ್ಚಿದ್ದು ನಾಲ್ಕೇ ಮಿಲಿಮೀಟರ್, ನಷ್ಟ ಇಳಿದದ್ದು ಕಾಲು ಭಾಗಕ್ಕೆ! ಪೈಪ್ ಮಡಚಿಕೊಂಡರೆ, ಬೇಡದ ಕಡೆ ಎಲ್ಬೋ ಹಾಕಿದರೆ ಈ ನಷ್ಟ ಇನ್ನೂ ಏರುತ್ತದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುವ ಸೂತ್ರ ಇಲ್ಲಿ ಕಣ್ಣೆದುರು ಹರಿಯುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಯನ್ನು ಪರೀಕ್ಷಿಸಲು ಒಂದು ಬಕೆಟ್, ಒಂದು ಮೊಬೈಲ್ ಸಾಕು. ಹೊರಬರುವ ಪೈಪಿನ ತುದಿಯನ್ನು ತೊಟ್ಟಿಯ ನೀರಿನ ಮಟ್ಟಕ್ಕೇ ಹಿಡಿದು ಬಕೆಟ್ ತುಂಬಿಸಬೇಕು. ಕೆಳಗಿಳಿಸಿ ಹಿಡಿದರೆ ಗುರುತ್ವವೂ ಪಂಪಿಗೆ ಸಹಾಯ ಮಾಡಿ ಲೆಕ್ಕ ಸುಳ್ಳಾಗುತ್ತದೆ. 10 ಲೀಟರ್ ತುಂಬಲು 90 ಸೆಕೆಂಡ್ ಆದರೆ ಗಂಟೆಗೆ 400 ಲೀಟರ್. ಒಳಗೆ ಸ್ಪಂಜು, ಉಂಗುರ ತುಂಬಿದ ಮೇಲೆ ಹರಿವು ಪೆಟ್ಟಿಗೆಯ ಮೇಲಿನ ಅಂಕಿಗಿಂತ ಕಡಿಮೆಯೇ ಇರುತ್ತದೆ. ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ, ಕಸ ಕಟ್ಟಿಕೊಂಡಂತೆ ಹರಿವು ಹೇಗೆ ಇಳಿಯುತ್ತದೆ ಎಂಬ ಗ್ರಾಫ್ ಸಿಗುತ್ತದೆ. ಅದು ಸೀನಿಯರ್‌ಗಳ ರೆಕಾರ್ಡ್‌ನಿಂದ ಇಳಿಸಿಕೊಳ್ಳಲಾಗದ ಗ್ರಾಫ್.

ಹರಿವು ಜಾಸ್ತಿಯಾಯಿತೆಂದು ಕಡಿಮೆ ಮಾಡಬೇಕೇ? ಹೊರಹೋಗುವ ಕಡೆಯ ವಾಲ್ವ್ ತಿರುಗಿಸಬೇಕು, ಹೀರುವ ಕಡೆಯದ್ದಲ್ಲ. ಹೀರುವ ಕಡೆ ಬಿಗಿ ಮಾಡಿದರೆ ಪಂಪಿನ ಬಾಯಲ್ಲಿ ಒತ್ತಡ ಕುಸಿದು ಗುಳ್ಳೆ ಏಳಬಹುದು, ಗರಗರ ಶಬ್ದ ಶುರುವಾಗಬಹುದು. ಕ್ಯಾವಿಟೇಶನ್ ಪಾಠದ ಎಚ್ಚರಿಕೆ ಇಲ್ಲಿ ಕೈಗೆ ಬರುತ್ತದೆ. ಗಿಡಗಳ ತೊಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನ ಮೇಲ್ಮೈ ಹೆಚ್ಚು ಕಲಕಿದರೆ ಗಿಡಗಳಿಗೆಂದು ಕೊಡುವ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಕಲಕದೇ ಇದ್ದರೆ ರಾತ್ರಿ ಆಮ್ಲಜನಕ ಸಾಲದೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಏಕೆಂದರೆ ಕತ್ತಲಲ್ಲಿ ಗಿಡಗಳೂ ಉಸಿರಾಡುತ್ತವೆ. ಪೈಪಿನ ತುದಿಯ ಕೋನ ಎಷ್ಟಿರಬೇಕು ಎಂಬ ಸಣ್ಣ ನಿರ್ಧಾರದಲ್ಲೂ ಎರಡು ಬೇಡಿಕೆಗಳ ನಡುವೆ ರಾಜಿ ಇದೆ. ಡಿಸೈನ್ ಎಂದರೆ ಇದೇ ಅಲ್ಲವೇ?

ಇಷ್ಟೆಲ್ಲ ಆದರೂ ನೀರನ್ನು ನಿಜವಾಗಿ ಶುದ್ಧ ಮಾಡುವುದು ಯಂತ್ರವಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವುದು ಉಂಗುರಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಉಂಗುರಗಳನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಅಷ್ಟೂ ದಿನದ ಶ್ರಮ ವ್ಯರ್ಥ. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಜಾಲಾಡಿಸಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಮುಗಿಯುತ್ತದೆ. ಆಗ ಡಬ್ಬಿಯ ಹಳಸಿದ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಬೇಕು. ನಗರಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳೂ ಬ್ಯಾಕ್ಟೀರಿಯಾಗಳನ್ನೇ ನಂಬಿವೆ. ಅಳತೆ ಮಾತ್ರ ದೊಡ್ಡದು.

‘ಇದೆಲ್ಲ ದುಡ್ಡಿದ್ದವರ ಶೋಕಿ’ ಎನ್ನುವವರಿದ್ದಾರೆ. ಬ್ರ್ಯಾಂಡೆಡ್ ಕ್ಯಾನಿಸ್ಟರ್ ದುಬಾರಿ, ನಿಜ. ಆದರೆ ನಲ್ಲಿ ನೀರಿನ ಫಿಲ್ಟರ್‌ಗೆ ಬಳಸುವ ಪ್ಲಾಸ್ಟಿಕ್ ಹೌಸಿಂಗ್, ಒಂದು ಚಿಕ್ಕ ಪಂಪ್, ಎರಡು ವಾಲ್ವ್, ಹೋಸ್, ಟೆಫ್ಲಾನ್ ಟೇಪ್ ಇದ್ದರೆ ಚಿಕ್ಕ ತೊಟ್ಟಿಗೆ ಕೈಯಾರೆ ಮಾಡಿಕೊಳ್ಳಬಹುದು. ನಾಲ್ವರು ಹಂಚಿಕೊಂಡರೆ ರೆಡಿಮೇಡ್ ಪ್ರಾಜೆಕ್ಟಿನಷ್ಟು ಹೊರೆಯಾಗದು. 15 ವಾಟ್ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 11 ಯೂನಿಟ್.

ಈ ಮಾತನ್ನು ಭದ್ರಾವತಿಯ ನ್ಯೂ ಟೌನ್‌ನಿಂದ ಹೇಳುವುದಕ್ಕೆ ಕಾರಣವಿದೆ. ಇಲ್ಲಿನ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ 1929ರವರೆಗೆ ಅಧ್ಯಕ್ಷರಾಗಿ ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೂ ಬಹಳ ಮೊದಲು, 1890ರ ದಶಕದಲ್ಲಿ, ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಒದಗಿಸುವ ಹೊಣೆ ಹೊತ್ತಿದ್ದರು. ಸಿಂಧೂ ನದಿಯ ನೀರು ಕೆಸರು. ಅದನ್ನು ಸೋಸುವ ಮರಳು ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿದ ನೀರು ತಿಳಿಯಾಗಿ ಬಾವಿ ಸೇರಿತು. ದುಬಾರಿ ಸಲಕರಣೆ ಇಲ್ಲದಿದ್ದಾಗಲೇ ಎಂಜಿನಿಯರ್ ಬೇಕಾಗುವುದು.

ಇಂದು ಅವರ ಹೆಸರಿನ ಕಾರ್ಖಾನೆಯ ಸ್ಥಿತಿ ಎಲ್ಲರಿಗೂ ಗೊತ್ತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು. ಕಾರ್ಖಾನೆ ಸೊರಗಿದರೆ ಕೆಲಸದ ಜತೆಗೆ ಕೈಯ ವಿದ್ಯೆಯೂ ಹೋಗುತ್ತದೆ. ಗ್ಯಾಸ್ಕೆಟ್ ಯಾವಾಗ ಸೋರುತ್ತದೆಂದು ಶಬ್ದ ಕೇಳಿಯೇ ಹೇಳಬಲ್ಲ ನಿವೃತ್ತ ಫಿಟ್ಟರ್‌ಗಳು ಹುಡುಕಿದರೆ ಈಗಲೂ ಸಿಗುತ್ತಾರೆ. ಅವರನ್ನು ಒಂದು ಮಧ್ಯಾಹ್ನ ಲ್ಯಾಬಿಗೆ ಕರೆಸಲು ಯಾವ ಕಾಲೇಜಿಗೂ ಹೆಚ್ಚಿನ ಅನುದಾನ ಬೇಕಿಲ್ಲ.

ಹಾಗಾಗಿ ಕಾಲೇಜುಗಳನ್ನು ಕೇಳುವುದು ಇಷ್ಟೇ: ಅಂಕವನ್ನು ಮಾಡೆಲ್‌ನ ಹೊಳಪಿಗೆ ಕೊಡಬೇಡಿ, ಹನ್ನೆರಡು ವಾರದ ಅಳತೆಯ ಪುಸ್ತಕಕ್ಕೆ ಕೊಡಿ. ವಿದ್ಯಾರ್ಥಿಗಳಿಗೆ, ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಹೇಳುವುದೂ ಇಷ್ಟೇ: ರೆಸ್ಯೂಮೆಯಲ್ಲಿ ‘ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತು’ ಎಂದು ಯಾರು ಬೇಕಾದರೂ ಬರೆಯಬಹುದು. ‘65 ಲೀಟರಿನ ತೊಟ್ಟಿಗೆ ಪೈಪ್ ಜೋಡಿಸಿದ್ದೇನೆ, ಮೂರು ತಿಂಗಳ ಹರಿವಿನ ಲೆಕ್ಕ ಇಲ್ಲಿದೆ’ ಎಂದು ಬರೆಯಲು ಮಾತ್ರ ಕೈ ಒದ್ದೆಯಾಗಿರಬೇಕು.